ತೌಡು ಯಾರದ್ದು?

ಕಡಬಕ್ಕೆ ಅಕ್ಕಿ ಮಿಲ್ಲು ಬಂದದ್ದು ಐವತ್ತರ ದಶಕದ ಕೊನೆಗೋ ಅರವತ್ತರ ಮೊದಲಿಗೋ, ಖಾತ್ರಿಯಿಲ್ಲ. ಖಾತ್ರಿ ಇರುವುದು ಇಷ್ಟೇ: ಆಗ ನಾನು ಪುತ್ತೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ, ಅರ್ಥಶಾಸ್ತ್ರದ ಒಂದು ದಪ್ಪ ಪುಸ್ತಕವನ್ನು ಅರ್ಧದವರೆಗೆ ಓದಿದ್ದೆ, ಉಳಿದರ್ಧ ಮುಗಿಸುವ ಮೊದಲೇ ದೇಶವನ್ನು ಉದ್ಧಾರ ಮಾಡುವ ಅವಸರದಲ್ಲಿದ್ದೆ.

ರಜೆಗೆ ಮನೆಗೆ ಬಂದವನೇ ಅಮ್ಮನಿಗೆ ಭಾಷಣ ಮಾಡಿದೆ. ಒನಕೆಯಲ್ಲಿ ದಿನವಿಡೀ ಮಾಡುವ ಕೆಲಸವನ್ನು ಡೀಸೆಲ್ ಯಂತ್ರ ಕಾಲು ಗಂಟೆಯಲ್ಲಿ ಮುಗಿಸುತ್ತದೆ. ಮಿಕ್ಕ ಹೊತ್ತಿನಲ್ಲಿ ಜನ ಬೇರೇನನ್ನೋ ಉತ್ಪಾದಿಸುತ್ತಾರೆ. ಹಾಗೆ ರಾಷ್ಟ್ರದ ಸಂಪತ್ತು ಬೆಳೆಯುತ್ತದೆ. ಅಮ್ಮ ಬೇಯಿಸಿದ ಭತ್ತವನ್ನು ಅಂಗಳದಲ್ಲಿ ಕಾಲಿನಿಂದ ಸರಿಸಿ ಹರಡುತ್ತಿದ್ದಳು.

“ರಾಷ್ಟ್ರ ಮುಂದೆ ಹೋಗ್ಲಿ, ಯಾರು ಬೇಡ ಹೇಳಿದ್ದು? ಅಕ್ಕಿ ಮಾತ್ರ ನುಚ್ಚಾಗ್ಬಾರ್ದು.”

ಒಂದು ಗಾಡಿ ಭತ್ತ ಕಳಿಸಿ ನೋಡುವುದೆಂದಾಯಿತು.

ನಮ್ಮ ಮನೆಯ ಭತ್ತ ಕುಟ್ಟುತ್ತಿದ್ದ ಹೆಂಗಸನ್ನು ಒಂದು ಮಾತು ಕೇಳಬೇಕೆಂದು ನನಗೆ ಮಾತ್ರ ಅನ್ನಿಸಿತ್ತು. ಈ ವಾಕ್ಯ ಬರೆದ ಮೇಲೆ ಓದಿ ನೋಡಿದೆ, ಸುಳ್ಳು. ಯಾರಿಗೂ ಅನ್ನಿಸಿರಲಿಲ್ಲ. ಆಕೆ ನಾನು ಹುಟ್ಟುವ ಮೊದಲಿನಿಂದ ನಮ್ಮಲ್ಲಿ ಕುಟ್ಟುತ್ತಿದ್ದವಳು. ಕೂಲಿಗೆ ಅಕ್ಕಿ ಸಿಗುತ್ತಿತ್ತು. ಅದರ ಮೇಲೆ, ಬಂದ ತೌಡೆಲ್ಲ ಕುಟ್ಟಿದವಳದ್ದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ಪ್ರಶ್ನಿಸಿಯೂ ಇರಲಿಲ್ಲ. ಆ ತೌಡು ತಿಂದು ಆಕೆಯ ಒಂದು ದನ ಹಾಲು ಕೊಡುತ್ತಿತ್ತು. ಹಾಲು ಬಸ್ಸು ನಿಲ್ಲುವಲ್ಲಿದ್ದ ಚಹಾ ಹೋಟೆಲಿಗೆ ಹೋಗುತ್ತಿತ್ತು. ಆಕೆಯ ಮನೆ ನಡೆಯುತ್ತಿದ್ದುದು ಅದರಲ್ಲಿ. ನಾನು ಓದಿದ ಅರ್ಧ ಪುಸ್ತಕದಲ್ಲಿ ದನ ಎಲ್ಲಿಯೂ ಬಂದಿರಲಿಲ್ಲ.

ಗಾಡಿಯ ಹಿಂದೆ ಆಕೆಯೂ ನಡೆದು ಬಂದಳು, ಕಂಕುಳಲ್ಲಿ ಖಾಲಿ ಗೋಣಿ. ವಿಜ್ಞಾನದ ಪವಾಡ ನೋಡಲು ಬರುತ್ತಿದ್ದಾಳೆಂದು ನನಗೆ ಸಂತೋಷವಾಯಿತು.

ಮಿಲ್ಲಿನಲ್ಲಿ ಉದ್ದದ ಬೆಲ್ಟು ಪಟಪಟನೆ ತಿರುಗುತ್ತಿತ್ತು. ಮೇಲಿನಿಂದ ಭತ್ತ ಸುರಿದರೆ ಒಂದು ಕಡೆ ಅಕ್ಕಿ, ಇನ್ನೊಂದು ಕಡೆ ತೌಡು. ನಾನು ಅಕ್ಕಿಯ ಕಡೆ ನಿಂತು ಬೆರಗಾಗುತ್ತಿದ್ದಾಗ ಆಕೆ ತೌಡಿನ ಕಡೆ ಹೋಗಿ ಗೋಣಿಯ ಬಾಯಿ ಬಿಡಿಸಿ ಹಿಡಿದಳು. ಮಿಲ್ಲಿನ ಯಜಮಾನರು, ಕಡಬದಲ್ಲಿ ಮೊದಲು ಒಣಮೀನಿನ ವ್ಯಾಪಾರ ಮಾಡುತ್ತಿದ್ದ ಬ್ಯಾರಿಗಳು, ಓಡಿ ಬಂದರು.

“ಅಕ್ಕಾ, ಅಕ್ಕಾ, ಅದು ಮಿಲ್ಲಿನದ್ದು!”

“ಈ ಭತ್ತದ ತೌಡು ಯಾವತ್ತೂ ನನ್ನದ್ದೇ ಸಾಯ್ಬ್ರೇ.”

“ಅದು ನೀವು ಕುಟ್ಟಿದ್ರೆ. ಇದು ಮಿಷನ್ ಕುಟ್ಟಿದ್ದಲ್ವಾ?”

“ಹೌದಾ? ನಿಮ್ಮ ಮಿಷನಿಗೆ ದನ ಉಂಟಾ?”

ಭತ್ತ ತಂದು ಕಾಯುತ್ತಿದ್ದವರೆಲ್ಲ ನಕ್ಕರು. ಯಜಮಾನರೂ ನಕ್ಕರು, ಆದರೆ ಗೋಣಿಯ ಒಂದು ತುದಿ ಬಿಡಲಿಲ್ಲ.

“ಮಿಷನ್ ಡೀಸೆಲ್ ಕುಡಿತದೆ ಅಕ್ಕ, ಅದಕ್ಕೆ ಖರ್ಚಿಲ್ವಾ?”

“ಕುಡಿಲಿ. ತೌಡು ತಿನ್ನುದಿಲ್ಲಲ್ಲ?”

ಆಕೆ ಆಡಿದ್ದು ತುಳುವಿನಲ್ಲಿ, ಅವರದ್ದು ಬ್ಯಾರಿ ಭಾಷೆ ಬೆರೆಸಿದ ತುಳು. ನನ್ನ ತಲೆಯಲ್ಲಿ ಎಲ್ಲ ಕನ್ನಡವಾಗಿ ಉಳಿದಿದೆ. ದಾರಿಯಲ್ಲಿ ಎಷ್ಟು ಸೋರಿತೋ. ಕೊನೆಗೆ ಇಬ್ಬರೂ ಓದಿದವನೆಂದು ನನ್ನ ಕಡೆ ತಿರುಗಿದರು. ಬಂಡವಾಳ, ಶ್ರಮ, ಪ್ರತಿಫಲ ಎಂದು ನಾನು ಸಾಕಷ್ಟು ಹೊತ್ತು ವಿವರಿಸಿದೆ. ಎಂಜಿನಿನ ಸದ್ದಿನಲ್ಲಿ ಕೆಲವು ಪದಗಳು ಕೇಳಿಸದೆ ಹೋದದ್ದು ನನ್ನ ಪುಣ್ಯ.

“ನೀವು ಓದಿದ್ದು ಒಳ್ಳೆಯದಾಯ್ತು ಸಣ್ಣ ಧನಿಗಳೇ,” ಎಂದಳು ಆಕೆ. “ಇಲ್ಲದಿದ್ರೆ ಇದೆಲ್ಲ ನಿಮಗೂ ಅರ್ಥ ಆಗ್ತಿತ್ತು.”

ಯಜಮಾನರು ಗೋಣಿ ಬಿಟ್ಟರು. “ಇವತ್ತೊಂದು ದಿನ ಕೊಂಡೋಗಿ ಮಾರಾಯ್ತಿ. ನಾಳೆ ಕೇಳ್ಬೇಡಿ.”

ಮರುದಿನ ಬೆಳಿಗ್ಗೆ ಆಕೆ ಅದೇ ಗೋಣಿ ಹೊತ್ತು ನಮ್ಮ ಅಂಗಳಕ್ಕೆ ಬಂದಳು. ದನ ಮೂಸಿ ಮುಖ ತಿರುಗಿಸಿತ್ತಂತೆ. ಒನಕೆಯಲ್ಲಿ ಮೊದಲು ಹೊಟ್ಟು ಬಿಡಿಸಿ, ಕೇರಿ, ಆಮೇಲೆ ತೌಡು ತೆಗೆಯುವುದು. ಮಿಲ್ಲು ಎರಡನ್ನೂ ಒಟ್ಟಿಗೇ ಅರೆದು ಉಗುಳಿತ್ತು. ಒಂದು ಮುಷ್ಟಿ ತೆಗೆದು ನನ್ನ ಮುಂದೆ ಹಿಡಿದಳು.

“ನಿಮ್ಮ ರಾಷ್ಟ್ರದ ತೌಡು. ತಿಂದು ನೋಡಿ.”

ನಾನು ಬಾಯಿಗೆ ಹಾಕಿಕೊಂಡೆ, ಹೊಟ್ಟಿನ ಚೂರು ನಾಲಿಗೆಗೆ ಚುಚ್ಚಿತು. ಆಗ ಜಗಲಿಯಲ್ಲಿ ನಿಂತಿದ್ದ ನನ್ನ ಒಡಹುಟ್ಟಿದ ಅಕ್ಕ ಈಗಲೂ ಹೇಳುವುದು, ನಾನು ಮೂಸಿ ಸೀನಿದ್ದು ಮಾತ್ರ ಎಂದು. ಎರಡರಲ್ಲಿ ಯಾವುದು ನಿಜವಾದರೂ ದನದ ಹೊಟ್ಟೆ ತುಂಬಲಿಲ್ಲ. ಅಮ್ಮನಿಗಾದರೋ ಅಕ್ಕಿ ನುಚ್ಚಾಗದೆ ಬಂದದ್ದು ಖುಷಿ. ಮುಂದಿನ ಗಾಡಿಯೂ ಮಿಲ್ಲಿಗೇ ಎಂದಳು. ವಾರ ಕಳೆಯುವುದರೊಳಗೆ ಆಕೆಯ ದನದ ಹಾಲು ಕಡಿಮೆಯಾಯಿತು. ಹೋಟೆಲಿನವರು ಬೇರೆ ಕಡೆ ಹಾಲು ವಿಚಾರಿಸಲು ಸುರು ಮಾಡಿದರು.

ಆಕೆ ಮತ್ತೆ ಮಿಲ್ಲಿಗೆ ಹೋದಳು, ಕೇರುವ ಗೆರಸೆ ಮತ್ತು ಸಣ್ಣ ಕಣ್ಣಿನ ಜರಡಿ ಹಿಡಿದುಕೊಂಡು. ಈ ಸಲ ಯಾರನ್ನೂ ಕೇಳಲಿಲ್ಲ. ಹೊರಗೆ ರಾಶಿ ಬಿದ್ದಿದ್ದ ತೌಡಿನ ಪಕ್ಕ ಕೂತು ಕೇರಿದಳು, ಜಾಲಿಸಿದಳು. ಒಂದು ಕಡೆ ಹೊಟ್ಟು, ಒಂದು ಕಡೆ ಮೆತ್ತಗಿನ ತೌಡು. ಯಜಮಾನರು ಚಿಟಿಕೆ ಹಿಡಿದು ಉಜ್ಜಿ ನೋಡಿದರು. ಅವರ ತೌಡನ್ನೂ ಊರ ದನಗಳು ಮೂಸಿ ಬಿಡುತ್ತಿದ್ದುವು, ಕೊಂಡವರು ಬೈಯುತ್ತಿದ್ದರು.

“ಎಲ್ಲ ಹೀಗೆ ಮಾಡಿ ಕೊಡ್ತೀರಾ ಅಕ್ಕ?”

“ಕೊಡುವ. ಮೂರು ಗೆರಸೆಗೆ ಒಂದು ನನ್ನದ್ದು.”

“ನಾಲ್ಕಕ್ಕೆ.”

“ಹಾಗಾದ್ರೆ ಮಿಷನಿಗೇ ಕೇರ್ಲಿಕ್ಕೆ ಹೇಳಿ.”

ಮೂರಕ್ಕೇ ನಿಂತಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಯಂತ್ರವೂ ಮನುಷ್ಯರೂ ರಾಜಿಯಾದ ಚೆಂದದ ಕತೆಯಾಗುತ್ತದೆ. ಆದರೆ ಐವರ್ನಾಡಿನಿಂದ ನೆಟ್ಟಣದವರೆಗೆ ಒನಕೆ ಹಿಡಿದಿದ್ದ ಹೆಂಗಸರು ಎಷ್ಟೋ, ಮಿಲ್ಲಿನ ಅಂಗಳದಲ್ಲಿ ಜಾಗ ಒಂದೆರಡು ಗೆರಸೆಗೆ. ಉಳಿದವರು ಎಲ್ಲಿ ಹೋದರೆಂದು ನಾನು ವಿಚಾರಿಸಲಿಲ್ಲ. ಈಗ ನೆನಪಿನಲ್ಲಿ ಹುಡುಕುತ್ತೇನೆ, ಒಂದು ಮುಖವೂ ಬರುವುದಿಲ್ಲ.

ಮುಂದಿನ ರಜೆಗೆ ಬಂದಾಗ ಬಸ್ಸಿಳಿದು ಮಿಲ್ಲಿನ ಕಡೆ ಹೋದೆ. ಆಕೆಯ ಹುಬ್ಬು, ತಲೆಕೂದಲಿಗೆಲ್ಲ ಧೂಳು ಹಿಡಿದಿತ್ತು. ದನ ಹೇಗುಂಟು ಎಂದು ಕೇಳಿದೆ.

“ತಿಂತದೆ. ಹೋಟೆಲಿನವ ಈಗ ಹೆಚ್ಚು ಹಾಲು ಕೇಳ್ತಾನೆ, ನಾನು ಕೊಡುದಿಲ್ಲ.” ಗೆರಸೆಯನ್ನು ನನ್ನ ಕಡೆ ಚಾಚಿದಳು. “ಬನ್ನಿ, ಒಂದು ಕೇರಿ ನೋಡಿ.”

ನಾನು ಒಂದೇ ಸಲ ಎತ್ತಿ ಹಾರಿಸಿದೆ. ಹೊಟ್ಟು, ತೌಡು ಎರಡೂ ನನ್ನ ಮುಖಕ್ಕೆ, ಕಾಲೇಜಿನ ಶರಟಿಗೆ ಬಿದ್ದುವು. ಯಜಮಾನರು ನಗು ತಡೆಯಲು ಬೆಲ್ಟಿನ ಕಡೆ ತಿರುಗಿದರು.

“ಸಾಕು ಸಾಕು, ಇಲ್ಲಿ ಕೊಡಿ,” ಎಂದು ಆಕೆ ಗೆರಸೆ ಕಿತ್ತುಕೊಂಡಳು. “ಅದು ಮೂರನೇದು, ನನ್ನ ಪಾಲಿನ ಗೆರಸೆ ಮಾರಾಯ್ರೆ.”