ಬ್ಲೇಡಿನಿಂದ ಕೆರೆದ ಗಾಜು

ಶಿಕಾರಿಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಎನ್‌ಲಾರ್ಜರ್ ಇದೆ. ದೊಡ್ಡ ನೆಗೆಟಿವ್‌ಗಳಿಂದ ಇನ್ನೂ ದೊಡ್ಡ ಫೋಟೊ ಮಾಡುವ ಯಂತ್ರ. ಕೊಳ್ಳುವ ತಾಕತ್ತಿಲ್ಲದೆ ನಾನೇ ಕಟ್ಟಿದ್ದು. ಪೇಂಟ್ ಡಬ್ಬಿಯೊಳಗೆ ಬಲ್ಬು, ಕೊಡೆಯ ಕಪ್ಪು ಬಟ್ಟೆಯಲ್ಲಿ ಹೊಲಿದ ಹಾರ್ಮೋನಿಯಂ ತಿದಿಯಂಥ ಮಡಿಕೆ, ಹಳೇ ಕ್ಯಾಮೆರಾದ ಲೆನ್ಸು. ನೆಟ್ಟಗೆ ನಿಲ್ಲಿಸಿದರೆ ಮುಗ್ಗರಿಸುತ್ತಿತ್ತು. ಮೇಜಿನ ಮೇಲೆ ಅಡ್ಡ ಮಲಗಿಸಿದ್ದೇನೆ; ಚಿತ್ರ ಎದುರುಗೋಡೆಗೆ ಬೀಳುತ್ತದೆ.

ನೆಗೆಟಿವನ್ನು ಸಪಾಟಾಗಿ ಹಿಡಿಯಲು ಎರಡು ತೆಳು ಗಾಜು ಬೇಕಿತ್ತು. ಅಂಗಡಿಯ ಗಾಜಿಗೆ ಹಸಿರು ಛಾಯೆ. ಆಗ ನೆನಪಾದದ್ದು, ಸೊರಬದಲ್ಲಿ ಮುಚ್ಚಿದ ಸ್ಟುಡಿಯೋದ ಹಿರಿಯರು ಕೊಟ್ಟಿದ್ದ ಟ್ರಂಕು. ಅದರ ತುಂಬ ಹಿಂದಿನ ಕಾಲದ ಗಾಜಿನ ನೆಗೆಟಿವ್‌ಗಳು. "ಜ್ವಾಪಾನ ಮಾಡ್ರಿ" ಎಂದಷ್ಟೇ ಹೇಳಿದ್ದರು. ನಾನು ಕೆಟ್ಟವನ್ನೇ ಹುಡುಕಿದೆ. ಒಂದು ಪೂರ್ತಿ ಮಸುಕು. ಇನ್ನೊಂದರಲ್ಲಿ ಕುರ್ಚಿಯ ಮೇಲೆ ಒಬ್ಬ ಹೆಂಗಸು, ಮಡಿಲಲ್ಲಿ ಮಗುವಿನ ಕುಲಾವಿ; ಮುಖ ಅಲುಗಾಡಿತ್ತು. ಎರಡನ್ನೂ ವಾಷಿಂಗ್ ಸೋಡಾ ಹಾಕಿದ ಬಿಸಿ ನೀರಿನಲ್ಲಿ ನೆನೆಸಿ ಬ್ಲೇಡಿನಿಂದ ಕೆರೆದೆ; ಚಿತ್ರದ ಪದರ ಹೋಗಿ ಬರೀ ಗಾಜು ಉಳಿಯಿತು. ಕಸದಿಂದ ರಸ ತೆಗೆದೆನೆಂದು ಬೀಗಿದ್ದೂ ಉಂಟು.

ಟ್ರಂಕಿನ ಸುದ್ದಿ ಕೇಳಿ ಜಡೆ ಊರಿನಿಂದ ಅತ್ತೆ, ನಮ್ಮಪ್ಪನ ತಂಗಿ, ಬಸ್ಸು ಹತ್ತಿ ಬಂದಳು. ಅವಳು ತೊಟ್ಟಿಲಲ್ಲಿದ್ದಾಗಲೇ ನಮ್ಮಜ್ಜಿ ತೀರಿಕೊಂಡಿದ್ದಳು. ಹಿರಿಯರ ಹಬ್ಬದಲ್ಲಿ ಬೇರೆಯವರು ಫೋಟೊ ಮುಂದೆ ಎಡೆ ಇಟ್ಟರೆ, ಅತ್ತೆ ತೆಂಗಿನಕಾಯಿಗೆ ಕುಂಕುಮ ಹಚ್ಚಿ ಅದರ ಮುಂದೆ ಇಡುತ್ತಾಳೆ.

"ಅವ್ವ ಸೊರಬದ ಸ್ಟುಡಿಯೋದಾಗೆ ಒಂದೇ ಒಂದು ಫೋಟೊ ತೆಗೆಸಿದ್ಲಂತೆ ತಮ್ಮಾ. ನಾನು ಕಿರುಚ್ಕೊಂಡ್ನಂತೆ, ನನ್ನ ಕಡೆ ತಿರುಗಿಬಿಟ್ಲಂತೆ. ಮುಖ ಅಲುಗಾಡ್ತು ಅಂತ ಕಾಪಿನೇ ಕೊಡ್ಲಿಲ್ಲ. ನನ್ನ ಕುಲಾವಿ ಅವಳ ಮಡಿಲಾಗೇ ಇತ್ತಂತೆ. ನಿನ್ನ ಟ್ರಂಕಿನಾಗೆ ಐತೇನೋ ನೋಡು."

ಟ್ರಂಕು ಎಳೆದು ತೆರೆದೆ. ಇಲ್ಲವೆಂದು ಗೊತ್ತಿದ್ದೂ ಒಂದೊಂದೇ ಗಾಜನ್ನು ಬೆಳಕಿಗೆ ಹಿಡಿದು ಟ್ರಂಕಿನ ತಳ ಕಾಣುವವರೆಗೆ ಹುಡುಕಿದೆ. ಪಕ್ಕದಲ್ಲಿ ಕೂತ ಅತ್ತೆ ಪ್ರತಿ ಸಲವೂ ಕತ್ತು ಚಾಚುತ್ತಿದ್ದಳು. ಆ ನಾಟಕ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಾನೇ ಕೆರೆದೆ ಎನ್ನುವ ಧೈರ್ಯ ಬರಲಿಲ್ಲ.

"ಇಲ್ಲ ಅತ್ತೆ" ಎಂದೆ.

"ಹೋಗ್ಲಿ ಬಿಡು. ನನ್ನದಾದ್ರೂ ಒಂದು ತೆಗಿ. ನನ್ನ ಮಕ್ಕಳು ಕಾಯಿಗೆ ಎಡೆ ಇಡೋದು ಬ್ಯಾಡ. ನಾನು ಅಲುಗಾಡಲ್ಲ."

ಕುರ್ಚಿಯಲ್ಲಿ ಕೂತು ಉಸಿರು ಹಿಡಿದಳು. ಕಣ್ಣು ಸಹ ಮಿಟುಕಿಸಲಿಲ್ಲ.

ಆ ನೆಗೆಟಿವನ್ನು ಅದೇ ಎರಡು ಗಾಜುಗಳ ನಡುವೆ ಇಟ್ಟು ದೊಡ್ಡದು ಮಾಡಿದೆ. ಫೋಟೊ ಕೈಗೆ ಕೊಟ್ಟಾಗ ಅತ್ತೆ ಬಹಳ ಹೊತ್ತು ನೋಡಿದಳು.

"ಅವ್ವ ಹಿಂಗೇ ಇದ್ಲೇನೋ ತಮ್ಮಾ?"

ಅಜ್ಜಿಯ ಮುಖವನ್ನು ಕೊನೆಯ ಸಲ ಕಂಡವನು ನಾನು.

"ಗೊತ್ತಿಲ್ಲ ಅತ್ತೆ" ಎಂದೆ.