ಕಾಶಿಗೆ ಹೋದ ಬೀಡಿ ಕಟ್ಟು

ಮೊನ್ನೆ ಒಗೆಯಲು ಹಾಕುವ ಮುಂಚೆ ಅಳಿಯನ ಷರ್ಟಿನ ಜೇಬು ತಡಕಿದಾಗ ಪುದೀನ ವಾಸನೆಯ ಒಂದು ಪೊಟ್ಟಣ ಸಿಕ್ಕಿತು. ಸಿಗರೇಟು ಬಿಡಿಸುವ ಚೂಯಿಂಗ್ ಗಮ್ಮಂತೆ. ಸಿಗರೇಟಿಗಿಂತ ಇದೇ ದುಬಾರಿ ಎಂದು ಅಳಿಯ ಗೊಣಗಿದ. ನನಗೆ ನಗು ಬಂತು. ಅದರ ಹಿಂದೆಯೇ ಹೆಬ್ಬಾಳದ ಹಾಲಿನಮ್ಮ ನೆನಪಾದಳು...

ಐವತ್ತರ ದಶಕದ ಕೊನೆಯ ಮಾತು. ನಾವಾಗ ಕೆರೆ ಏರಿಯ ಹತ್ತಿರ ಬಾಡಿಗೆ ಮನೆಯಲ್ಲಿದ್ದೆವು. ಹಾಲಿನಮ್ಮ ಬೆಳಿಗ್ಗೆ ಎಮ್ಮೆಯನ್ನೇ ನಮ್ಮ ಬಾಗಿಲಿಗೆ ಹೊಡೆದುಕೊಂಡು ಬಂದು, ಕಣ್ಣೆದುರೇ ಕರೆದುಕೊಡುತ್ತಿದ್ದಳು. ಕರೆದಾದ ಮೇಲೆ ಹಿತ್ತಲ ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಬೀಡಿ. ಗಂಡ ಸತ್ತ ಮೇಲೆ ಅಂಟಿಕೊಂಡ ಚಟವಂತೆ. ನಮ್ಮ ಅಜ್ಜಿ ಮಹಾ ಮಡಿ. ಮೂಗಿಗೆ ಸೆರಗು ಹಿಡಿದು ಬೈಯುತ್ತಿದ್ದಳು. ಹಾಲಿನಮ್ಮ ಹೊಗೆಯನ್ನು ಆಚೆ ಊದಿ ನಗುತ್ತಿದ್ದಳು.

ಆ ನಗು ಒಂದು ವರ್ಷ ನಿಂತೇಹೋಯಿತು. ಯಲಹಂಕಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳು ಬಾಣಂತನಕ್ಕೆ ಬಂದಿದ್ದಾಗ, ಕೂಸು ಎದೆ ಕಟ್ಟಿ ತೀರಿಕೊಂಡಿತು. ಬೀಗರು ಅದನ್ನು ಬೀಡಿ ಹೊಗೆಯ ತಲೆಗೇ ಕಟ್ಟಿದರು. ನಿಜವೋ ಸುಳ್ಳೋ, ಆ ಮಾತು ಹಾಲಿನಮ್ಮನ ಒಳಗೆ ಇಳಿದುಬಿಟ್ಟಿತ್ತು. ಮಗಳು ಮತ್ತೆ ಬಸುರಿಯಾದಾಗ ಅವರು ಹೇಳಿಕಳಿಸಿದರು: ಬೀಡಿ ಬಿಟ್ಟರೆ ತೌರಿಗೆ ಕಳಿಸುತ್ತೇವೆ, ಇಲ್ಲವಾದರೆ ಇಲ್ಲ.

ಹಾಲಿನಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ಒಣ ನೆಲ್ಲಿಕಾಯಿ ಚಪ್ಪರಿಸಿದಳು, ಬೀಡಿಯ ಬದಲು ಬಾಯಿಗೆ ಕಡ್ಡಿಪುಡಿ ಹಾಕಿ ತಲೆ ತಿರುಗಿ ಬಿದ್ದಳು. ಡಾಕ್ಟರು ಬರೆದುಕೊಟ್ಟ ಔಷಧಿ ಕೊಳ್ಳಬೇಕಾದರೆ ಎಮ್ಮೆಯನ್ನೇ ಮಾರಬೇಕಿತ್ತು. ಸಂಜೆಯಾಗುತ್ತಲೇ ಬೀಡಿ ಮತ್ತೆ ಕೈಗೆ ಬರುತ್ತಿತ್ತು.

ಅಷ್ಟರಲ್ಲಿ ಅಜ್ಜಿ ಕಾಶಿಗೆ ಹೊರಟಳು. ಕಾಶಿಗೆ ಹೋದವರು ಅಲ್ಲಿ ಇಷ್ಟದ ಹಣ್ಣನ್ನೋ ಕಾಯನ್ನೋ ಎಲೆಯನ್ನೋ ಬಿಟ್ಟು ಬರಬೇಕು, ಬಿಟ್ಟದ್ದನ್ನು ಮತ್ತೆ ಸಾಯುವವರೆಗೆ ಮುಟ್ಟುವಂತಿಲ್ಲ. ಅಜ್ಜಿ ಹಾಗಲಕಾಯಿ ಬಿಡುವುದೆಂದು ಆಗಲೇ ನಿರ್ಧರಿಸಿದ್ದಳು. ಅದನ್ನವಳು ಹುಟ್ಟಿದಾಗಿನಿಂದ ತಿಂದವಳೇ ಅಲ್ಲ! ಹೊರಡುವ ಹಿಂದಿನ ದಿನ ಹಾಲಿನಮ್ಮ ಬಾಳೆ ಎಲೆಯಲ್ಲಿ ಸುತ್ತಿದ ಬೀಡಿ ಕಟ್ಟೊಂದನ್ನು ತಂದು ಜಗಲಿಯ ಮೇಲಿಟ್ಟಳು.

"ನಾನೆಲ್ಲಿ ಕಾಸಿಗೋಗ್ಲಿ ಅಮ್ಮೋರೆ. ನನ್ನೆಸ್ರಲ್ಲಿ ಇದನ್ನ ಬಿಟ್ಬನ್ನಿ. ಬೀಡೀನೂ ಎಲೇನೇ ಅಲ್ವಾ?"

ಮಡಿ ಗಂಟಿನ ಜೊತೆ ಬೀಡಿಯೇ ಎಂದು ಅಜ್ಜಿ ಅರ್ಧ ಗಂಟೆ ಕೂಗಾಡಿದಳು. ಆಮೇಲೆ ಹಾಲಿನಮ್ಮನ ಮುಖ ನೋಡಿ, ಅದನ್ನು ಟ್ರಂಕಿನ ಮೂಲೆಯಲ್ಲಿ ಇಡಲು ನನಗೇ ಹೇಳಿದಳು.

ಅಜ್ಜಿ ವಾಪಸಾದ ದಿನ ಅಮ್ಮ ಬಿಸಿ ಕಾಫಿ ತಂದಳು. ಅಜ್ಜಿಗೆ ಕಾಫಿಯೆಂದರೆ ಜೀವ. ಒಂದು ಹೊತ್ತು ತಡವಾದರೆ ಮನೆಯಲ್ಲಿ ಯಾರಿಗೂ ಉಳಿಗಾಲವಿರಲಿಲ್ಲ. ಅಂಥವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. ಬಾಗಿಲಲ್ಲಿ ಹಾಲಿನಮ್ಮ ಕೈಕಟ್ಟಿ ನಿಂತಿದ್ದಳು.

"ಬಿಟ್ರಾ ಅಮ್ಮೋರೆ?"

"ಕಟ್ಟನ್ನ ಗಂಗೆಗೆ ಹಾಕ್ದೆ ಕಣೆ. ಆದ್ರೆ ನಾನು ಸೇದದೇ ಇರೋದನ್ನ ನಾನು ಹೇಗೆ ಬಿಡೋದು? ಅದಕ್ಕೆ ನಿನ್ನ ಹೆಸರಲ್ಲಿ ನನ್ನ ಕಾಫಿ ಬಿಟ್ಟೆ. ಇನ್ನು ನಿನ್ನಿಷ್ಟ."

ಹಾಲಿನಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಕಾಸು ಖರ್ಚಿಲ್ಲದೆ ಬೀಡಿ ಬಿಡಬೇಕೆಂದಿದ್ದಳು; ಇಷ್ಟು ದೊಡ್ಡ ಋಣ ತಲೆಗೆ ಬರುತ್ತದೆಂದು ಆಕೆಗೇನು ಗೊತ್ತಿತ್ತು?

ಸುಲಭವೇನೂ ಆಗಲಿಲ್ಲ. ಕೆಲವು ದಿನ ಹಾಲು ಕರೆದ ಮೇಲೂ ಹೋಗದೆ ಅಡಿಗೆಮನೆಯ ಹಿಂಬಾಗಿಲಲ್ಲಿ ಕೂತುಬಿಡುತ್ತಿದ್ದಳು. ಒಳಗೆ ಅಮ್ಮ ನಮಗೆಲ್ಲ ಡಿಕಾಕ್ಷನ್ ಇಳಿಸುತ್ತಿದ್ದ ಹೊತ್ತು.

"ಇವತ್ತು ತಡ್ಯಕ್ಕಾಗ್ತಿಲ್ಲ ಅಮ್ಮೋರೆ."

"ನನಗೂ ಆಗ್ತಿಲ್ಲ ಕಣೆ. ಕೂತ್ಕೋ."

ಇಬ್ಬರೂ ಹೊಸಿಲಿನ ಆಚೆ ಈಚೆ ಕೂತು, ಕಂಡಕಂಡವರನ್ನೆಲ್ಲ ಬೈದುಕೊಂಡು ಆ ಹೊತ್ತನ್ನು ಕಳೆಯುತ್ತಿದ್ದರು. ಬೀಗರು ಮಾತಿಗೆ ತಪ್ಪಲಿಲ್ಲ, ಮಗಳನ್ನು ಕಳಿಸಿದರು. ಹುಟ್ಟಿದ ಗಂಡು ಕೂಸನ್ನು ಹಾಲಿನಮ್ಮ ಮೊದಲು ಹೊತ್ತು ತಂದದ್ದು ನಮ್ಮ ಜಗಲಿಗೆ. ಮಡಿಯಲ್ಲಿದ್ದ ಅಜ್ಜಿ ಅದೆಲ್ಲ ಮರೆತು ಕೈ ಚಾಚಿದ್ದು ನನಗೆ ಚೆನ್ನಾಗಿ ನೆನಪಿದೆ.

ಏಳೆಂಟು ವರ್ಷವಾದ ಮೇಲೆ ಹಾಲಿನಮ್ಮ ಜ್ವರ ಬಂದು ತೀರಿಕೊಂಡಳು. ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಅಮ್ಮ ಕಾಫಿ ಮಾಡಿ ತಂದು, ಯಾರಿಗಾಗಿ ಬಿಟ್ಟಿರೋ ಅವರೇ ಹೋದರು, ಇನ್ನಾದರೂ ಕುಡಿಯಿರಿ ಎಂದಳು. ಅಜ್ಜಿ ಲೋಟ ಹಿಡಿದು ಬಹಳ ಹೊತ್ತು ಅದರ ಹಬೆಯನ್ನೇ ನೋಡುತ್ತಿದ್ದಳು. ಆಮೇಲೆ ಕೆಳಗಿಟ್ಟಳು.

"ನಾನಿಲ್ಲಿ ಕುಡಿದು, ಅವಳಲ್ಲಿ ಬೀಡಿ ಹಚ್ಚಿಬಿಟ್ರೆ?"

ನನಗೀಗ ಅಜ್ಜಿಯ ಆಗಿನ ವಯಸ್ಸು ದಾಟಿದೆ. ಅಂಥ ಇಬ್ಬರನ್ನು ಮತ್ತೆ ನೋಡಲಿಲ್ಲ... ನನ್ನ ಹೆಸರಿನಲ್ಲಿ ಒಂದು ಹೊತ್ತಿನ ಕಾಫಿ ಬಿಡುವವರು ಯಾರಿದ್ದಾರೆಂದು ಎಣಿಸಲು ಹೋದರೆ, ಇದ್ದವರೆಲ್ಲ ಹೋಗಿಬಿಟ್ಟಿದ್ದಾರೆ.