ರಿಂಗಿನ ಹಿಂದಿನ ಸಾಲು

ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು ಅವನ ಕಸುಬು. ಬೆಳಗಿನ ಐದಕ್ಕೆ ಟೊಮೆಟೊ ಕ್ರೇಟುಗಳ ಮೇಲೆ ನಿಂತು ಬಾಯಿ ತೆರೆದನೆಂದರೆ ಗೇಟಿನಾಚೆ ಲಾರಿಯಲ್ಲಿ ಮಲಗಿದ ಡ್ರೈವರು ಎದ್ದು ಕೂರಬೇಕು. ಹೆತ್ತವರಿಟ್ಟ ಹೆಸರು ಎಲ್ಲರಿಗೂ ಮರೆತುಹೋಗಿ, ಮಂಡಿಗೆಲ್ಲ ಅವನು ಗಂಟಲಣ್ಣ. ಆ ಗಂಟಲನ್ನು ವಾರಕ್ಕೊಮ್ಮೆ ಊರಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಬಿಟ್ಟಿ ಕೊಡುತ್ತಿದ್ದ. ಒಳಾಂಗಣ ಕ್ರೀಡಾಂಗಣದಲ್ಲಿ ರಿಂಗಿನ ಹಿಂದಿನ ಮೊದಲ ಸಾಲು, ಮೂವತ್ತೆಂಟು ವರ್ಷದಿಂದ ಅವನದೇ ಜಾಗ.

ತಂಡದ ಚರಿತ್ರೆ ಅವನಿಗೆ ಬಾಯಿಪಾಠ. ಮೊದಲ ವರ್ಷ ಚಾವಣಿ ಸೋರಿ, ಕೋರ್ಟಿನ ನಡುವೆ ಬಕೆಟ್ ಇಟ್ಟುಕೊಂಡು ಹುಡುಗರು ಅಭ್ಯಾಸ ಮಾಡಿದ್ದು. ಎರಡನೇ ವರ್ಷ ಸಾಲಾಗಿ ಹತ್ತೊಂಬತ್ತು ಪಂದ್ಯ ಸೋತದ್ದು. ಲಂಬೂ ಎಂಬ ಆಟಗಾರ ಬಾಗಿಲಿಗೆ ಹಣೆ ಒಡೆದುಕೊಂಡು, ಬ್ಯಾಂಡೇಜಿನಲ್ಲೇ ಮೂವತ್ತೊಂದು ಪಾಯಿಂಟ್ ಹೊಡೆದದ್ದು. ಚಹಾ ಅಂಗಡಿಯ ಬೆಂಚಿನ ಮೇಲೆ ಇದನ್ನೆಲ್ಲ ಹೇಳಿ, ಕೊನೆಗೆ ಬರುತ್ತಿದ್ದುದು ಫೈನಲ್ ಕಥೆ. ತಂಡ ಕಪ್ಪಿನ ಹತ್ತಿರ ಹೋದದ್ದು ಅದೊಂದೇ ಸಲ. ಅದನ್ನು ಕಳೆದವನು ಹನ್ನೊಂದು ನಂಬರಿನ ಹುಡುಗ. ಗಂಟಲಣ್ಣ ಎದ್ದು, ಆ ಹುಡುಗ ಕಣ್ಣುಮುಚ್ಚಿ ಚೆಂಡೆಸೆದ ಭಂಗಿಯನ್ನು ಮಾಡಿ ತೋರಿಸಿ, "ಆರು ಸೆಕೆಂಡ್ ಬಾಕಿ ಇದೆ ಕಣಯ್ಯಾ! ಇವನಿಗೇನು ಬಸ್ಸು ಹೋಗ್ತಿತ್ತಾ?" ಎಂದರೆ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಹುಡುಗನಿಗೆ 'ಅವಸರ' ಅಂತ ಅಡ್ಡಹೆಸರು ಕಟ್ಟಿದವನೂ ಇವನೇ.

ಅಲ್ಲ, ಮನುಷ್ಯನಿಗೆ ನಾಚಿಕೆ ಅನ್ನುವುದೊಂದು ಬೇಡವೇ? ಆ ದಿನ ನಡೆದದ್ದೇ ಬೇರೆ. ಸ್ಕೋರು ಸಮಸಮ. ಚೆಂಡು ಎದುರಾಳಿಗಳ ಕೈಯಲ್ಲಿ. ಅವರನ್ನು ಯಾಮಾರಿಸಲು ರಿಂಗಿನ ಹಿಂದಿನವರದೊಂದು ಹಳೆಯ ಆಟವಿತ್ತು: ಸಮಯ ಇನ್ನೂ ಇರುವಾಗಲೇ ಸುಳ್ಳು ಎಣಿಕೆ ಕೂಗುವುದು, ಅವರು ಗಾಬರಿಯಾಗಿ ಬೇಗ ಎಸೆದುಬಿಡಲಿ ಅಂತ. ಉಳಿದವರೆಲ್ಲ ಬರೀ ಕಿರುಚುತ್ತಿದ್ದರು, ಗಂಟಲಣ್ಣ ಒಬ್ಬನೇ "ಐದು, ನಾಲ್ಕು" ಎಂದು ಶುರುಮಾಡಿದ. ಅಷ್ಟರಲ್ಲಿ ಹನ್ನೊಂದು ನಂಬರಿನವನು ಅವನ ಮೂಗಿನ ಮುಂದೆಯೇ ಚೆಂಡು ಕಿತ್ತುಕೊಂಡ. ಬಾಯಿ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. "ಮೂರು, ಎರಡು, ಒಂದು!" ಗಡಿಯಾರಕ್ಕೆ ಬೆನ್ನು ಮಾಡಿದ್ದ ಹುಡುಗ ಅದನ್ನೇ ನಂಬಿ ಅಲ್ಲಿಂದಲೇ ಎಸೆದ. ಚೆಂಡು ಆಚೆ ತುದಿಯಲ್ಲಿ ಹೊರಗೆ ಹೋಯಿತು. ಉಳಿದ ಆರು ಸೆಕೆಂಡಿನಲ್ಲಿ ಎದುರಾಳಿಗಳು ಓಡಿಬಂದು ಬಾಸ್ಕೆಟ್ ಹಾಕಿ ಗೆದ್ದರು.

ಇಷ್ಟೇ ಆಗಿದ್ದರೆ ಬಾಯಿತಪ್ಪು ಅನ್ನಬಹುದಿತ್ತು. ಮಾರನೇ ದಿನ ತಂಡದ ಮ್ಯಾನೇಜರು ಮಂಡಿಗೇ ಬಂದು ಕೇಳಿದರು. "ಯಾರೋ ಎಣಿಸಿದ್ರು ಅಂತಾನೆ ಹುಡುಗ. ಆ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಿಲ್ಲ. ನೀವು ಅಲ್ಲೇ ಇದ್ರಲ್ಲ, ಯಾರಾದ್ರೂ ಎಣಿಸಿದ್ರಾ?"

"ಇಲ್ಲ ಸಾರ್," ಎಂದ ಗಂಟಲಣ್ಣ. "ಯಾರೂ ಎಣಿಸ್ಲಿಲ್ಲ."

ಮುಂದಿನ ವರ್ಷ ಹುಡುಗ ತಂಡದಲ್ಲಿರಲಿಲ್ಲ. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸಲು ಸೇರಿಕೊಂಡನೆಂದು ಸುದ್ದಿ ಬಂತು.

ಹೀಗೆ ಇಪ್ಪತ್ತಾರು ವರ್ಷ ಕಳೆಯಿತು. ಈಗ ಹಳೆಯ ಕ್ರೀಡಾಂಗಣ ಕೆಡವುತ್ತಾರಂತೆ. ಭಾನುವಾರ ಬೆಳಿಗ್ಗೆ ಬೀಳ್ಕೊಡುಗೆ, ಹಳೆಯ ಅಭಿಮಾನಿಗಳು ವೇದಿಕೆ ಹತ್ತಿ ನೆನಪು ಹೇಳಬೇಕು. ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿ ಅಂದಳು, "ಆ ಹನ್ನೊಂದು ನಂಬರಿನವನೂ ಬರ್ತಾನಂತೆ. ಅವತ್ತು ನಿಮ್ಮ ಪಕ್ಕದಲ್ಲೇ ಕೂತಿದ್ದೋಳು ನಾನು. ಇವತ್ತೂ ಅದೇ ನಾಟಕ ಆಡೋದಾದ್ರೆ ನಾನು ಬರಲ್ಲ."

ಅವನು ಶರ್ಟು ತೊಟ್ಟು ಹೊರಟ. ಅವಳು ಬರಲಿಲ್ಲ.

ವೇದಿಕೆಯ ಮೇಲೆ ಬಕೆಟ್ಟಿನ ಕಥೆ ಹೇಳಿದ, ಲಂಬೂ ಕಥೆ ಹೇಳಿದ. ಜನ ಚಪ್ಪಾಳೆ ಹೊಡೆದರು. "ಅವಸರ! ಅವಸರ!" ಎಂದು ಹಿಂದಿನಿಂದ ಕೂಗು ಶುರುವಾಯಿತು. ಮೂರನೇ ಸಾಲಿನಲ್ಲಿ ತಲೆ ನರೆತ ಒಬ್ಬ, ಸಿಕ್ಕಿಬಿದ್ದ ಕಳ್ಳನ ಹಾಗೆ ಎರಡೂ ಕೈ ಎತ್ತಿ ತಾನೂ ನಕ್ಕ. ಪಕ್ಕದಲ್ಲಿದ್ದ ಅವನ ಹೆಂಡತಿ ನಗಲಿಲ್ಲ, ಮಡಿಲಿನ ಬ್ಯಾಗಿನ ಜಿಪ್ಪನ್ನೇ ನೋಡುತ್ತಿದ್ದಳು. ಅವನು ಹಾಗೆ ನಗದೇ ಇದ್ದಿದ್ದರೆ ಗಂಟಲಣ್ಣ ಈ ಸಲವೂ ಪಾರಾಗುತ್ತಿದ್ದನೋ ಏನೋ.

"ಅವತ್ತು ಎಣಿಸಿದ್ದು ನಾನು," ಎಂದ. ಮೈಕು ಬಾಯಿಗೆ ಅಂಟಿಕೊಂಡಿದ್ದರೂ ದನಿ ಮೊದಲ ಸಾಲು ದಾಟಲಿಲ್ಲ. ಯಾರೋ ತಮಾಷೆಯೆಂದು ನಕ್ಕರು. "ನಗಬೇಡಿ. ಐದರಿಂದ ಒಂದರವರೆಗೂ ನಾನೇ ಎಣಿಸಿದ್ದು. ಕೇಳಿದಾಗ ಇಲ್ಲ ಅಂತ ಸುಳ್ಳೂ ಹೇಳಿದೆ."

ಮೆಟ್ಟಿಲಿಳಿದು ಮೂರನೇ ಸಾಲಿಗೆ ಹೋದ. ಕಪಾಳಕ್ಕೊಂದು ಬಿಗಿದರೆ ಸಾಕಪ್ಪಾ, ಹಗುರಾಗುತ್ತೇನೆ ಎಂದುಕೊಂಡಿದ್ದ. ಆ ಮನುಷ್ಯ ಎದ್ದೇನೋ ನಿಂತ, ಆದರೆ ಹೊಡೆಯಲಿಲ್ಲ.

"ಎರಡು ಅನ್ನೋವಾಗ ನಿಮ್ಮ ಗಂಟಲು ಸ್ವಲ್ಪ ಒಡೀತಾ?" ಎಂದು ಮೆಲ್ಲಗೆ ಕೇಳಿದ.

"ಹೂಂ. ಒಡೀತು."

"ನನಗೆ ಹಾಗೇ ಕೇಳಿಸಿತ್ತು." ಅವನ ಕಣ್ಣು ತುಂಬಿಬಂತು. "ಕಿವಿ ಡಾಕ್ಟರ ಹತ್ರ ಹೋದೆ, ಮನಸ್ಸಿನ ಡಾಕ್ಟರ ಹತ್ರಾನೂ ಹೋದೆ. ಇಲ್ಲದ್ದನ್ನ ಕೇಳಿಸ್ಕೊಂಡೆ ಅಂತ ಕೊನೆಗೆ ನಾನೇ ಒಪ್ಕೊಂಡೆ." ಹೆಂಡತಿಯ ಕಡೆ ತಿರುಗಿದ. "ನೋಡಿದ್ಯೇನೇ? ನನಗೆ ತಲೆ ಕೆಟ್ಟಿರ್ಲಿಲ್ಲ."

ಗಂಟಲಣ್ಣ ಕ್ಷಮೆ ಕೇಳಲು ಬಾಯಿ ತೆರೆದ. ಆ ಹೆಂಗಸು ಬೇಡವೆಂದು ಕೈ ಅಡ್ಡ ಹಿಡಿದಳು.

"ನಾನೂ ಇವರನ್ನ ನಂಬ್ಲಿಲ್ಲ," ಎಂದಳು. "ಇಪ್ಪತ್ತಾರು ವರ್ಷದಲ್ಲಿ ಒಂದು ದಿನಾನೂ ನಂಬ್ಲಿಲ್ಲ. ಈಗ ನಾನು ಯಾವ ಮುಖ ಇಟ್ಕೊಂಡು ಇವರ ಹತ್ರ ಕ್ಷಮೆ ಕೇಳ್ಲಿ, ನೀವೇ ಹೇಳಿ."